ಬಾಡಿಗೆ ದೆವ್ವಗಳು

2007ರ ಅಕ್ಟೋಬರ್, ಶನಿವಾರ ರಾತ್ರಿ. ನಾನು ಅಮೆರಿಕಕ್ಕೆ ಬಂದು ಆರು ತಿಂಗಳೂ ಆಗಿರಲಿಲ್ಲ. ನಾರ್ತ್ ಕೆರೊಲೈನಾದ ರಾಲಿ ಪಕ್ಕದ ಮಾರಿಸ್‌ವಿಲ್‌ನಲ್ಲಿ ಎರಡು ರೂಮಿನ ಅಪಾರ್ಟ್‌ಮೆಂಟು, ಹಾಸನದ ಕಡೆಯ ಒಬ್ಬ ರೂಮ್‌ಮೇಟು, ಯಾರೋ ಊರು ಬಿಡುವಾಗ ಕೊಟ್ಟು ಹೋದ ಡಬ್ಬಾ ಟೀವಿ. ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸಿ, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಚಾನೆಲ್ ತಿರುವುತ್ತಿದ್ದೆವು. ಒಂದು ಕಡೆ ಮರದ ಬೇಲಿ, ಮಂಜು, ಹಳೇ ಕಾಲದ ಬಟ್ಟೆ ಹಾಕಿಕೊಂಡ ಬಿಳಿಯರು, ಅವರ ಹಿಂದೆ ಗಾಳಿಯಲ್ಲಿ ತೇಲಿ ಬರುತ್ತಿದ್ದ ಏನೋ ಒಂದು ಆಕಾರ ಕಂಡವು. 'ನಿಲ್ಲಿಸೋ, ದೆವ್ವದ್ದು' ಅಂದ ರೂಮ್‌ಮೇಟ್. ನಿಲ್ಲಿಸಿದೆ. ಅಲ್ಲಿಂದ ಶುರುವಾದ ಒಂದು ಕಿರಿಕಿರಿ ಇನ್ನೂ ಮುಗಿದಿಲ್ಲ.

ಸಿನಿಮಾದ ಹೆಸರು 'ರೇಯ್ತ್ಸ್ ಆಫ್ ರೋಅನೋಕ್'. ಸೈಫೈ ಚಾನೆಲ್ಲಿನವರದು. ಆಗ ಶನಿವಾರ ರಾತ್ರಿ ಅಂದರೆ ಅವರದ್ದೊಂದು ಹೊಸ ಸಿನಿಮಾ. ಥಿಯೇಟರಿಗೆ ಹೋಗುವ ಮಾತೇ ಇಲ್ಲ, ನೇರ ಟೀವಿಗೆ. ಒಂದೆರಡು ಮಿಲಿಯನ್ ಡಾಲರಿನಲ್ಲಿ ಕೆಲಸ ಮುಗಿಸುತ್ತಿದ್ದರು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಕಾಫಿ ತಿಂಡಿ ಖರ್ಚು. ದೈತ್ಯ ಹಾವು, ದೈತ್ಯ ಜೇಡ, ದೈತ್ಯ ಮೊಸಳೆ ಹೀಗೇ ಸಾಲಾಗಿ ಬರುತ್ತಿದ್ದವು. ಎಷ್ಟೋ ಸಿನಿಮಾಗಳ ಶೂಟಿಂಗ್ ಬಲ್ಗೇರಿಯಾದಲ್ಲಿ ಆಗುತ್ತಿತ್ತು, ಅಲ್ಲಿ ಕಾಡೂ ಅಗ್ಗ, ಜನರೂ ಅಗ್ಗ. ನಮ್ಮಲ್ಲಿ ಊಟಿಯಲ್ಲಿ ನಾಲ್ಕು ದಿನ ಸುತ್ತಿ ಕಾಶ್ಮೀರ ಅಂತ ತೋರಿಸಿದ ಹಾಗೆ. ಇದರಲ್ಲಿ ಹೀರೋ ಏಡ್ರಿಯನ್ ಪಾಲ್. 'ಹೈಲ್ಯಾಂಡರ್' ಸೀರಿಯಲ್ಲಿನಲ್ಲಿ ಕತ್ತಿ ಹಿಡಿದು ಸಾವೇ ಇಲ್ಲದವನಾಗಿ ಓಡಾಡಿದ್ದವನು ಇಲ್ಲಿ ಅನನಾಯಸ್ ಡೇರ್ ಎಂಬ ಇಂಗ್ಲಿಷ್ ವಲಸಿಗ.

ಕತೆ ಗೊತ್ತಿರುವವರಿಗೆ ಗೊತ್ತೇ ಇದೆ. 1587ರಲ್ಲಿ ಗಂಡಸರು, 17 ಹೆಂಗಸರು, ಮಕ್ಕಳು ಸೇರಿ 115ರ ಆಸುಪಾಸು ಜನ ಇಂಗ್ಲೆಂಡಿನಿಂದ ಬಂದು ಈಗಿನ ನಾರ್ತ್ ಕೆರೊಲೈನಾದ ಕರಾವಳಿಯ ರೋಅನೋಕ್ ಎಂಬ ದ್ವೀಪದಲ್ಲಿ ಬಿಡಾರ ಹೂಡಿದರು. ಮುಖಂಡ ಜಾನ್ ವೈಟ್ ಸಾಮಾನು ತರಲು ವಾಪಸ್ ಹೋದ. ಮೂರು ವರ್ಷ ಬಿಟ್ಟು ಬಂದರೆ ಒಬ್ಬರೂ ಇಲ್ಲ. ಅಮೆರಿಕದ ಮಕ್ಕಳೆಲ್ಲ ಇದನ್ನು 'ಕಳೆದುಹೋದ ಕಾಲೊನಿ' ಅಂತ ಓದುತ್ತಾರೆ. ಅವರು ಏನಾದರು ಎಂಬುದಕ್ಕೆ ಸಿನಿಮಾ ಕೊಡುವ ಉತ್ತರ ಸುಲಭದ್ದು: ದೆವ್ವಗಳು ಮುಗಿಸಿದವು.

ಸರಿ, ಯಾರ ದೆವ್ವ?

ವೈಕಿಂಗರ ದೆವ್ವ. ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೇ ಕಡಲುಗಳ್ಳರದು. ನಾನೂ ರೂಮ್‌ಮೇಟೂ ಮುಖ ಮುಖ ನೋಡಿಕೊಂಡೆವು. 'ಇವರು ಯಾವಾಗ ಬಂದರೋ ಇಲ್ಲಿಗೆ?' ಅಂದ. ವೈಕಿಂಗರು ಅಮೆರಿಕಕ್ಕೆ ಬಂದದ್ದೇನೋ ನಿಜ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತುದಿಯಲ್ಲಿ ಅವರ ಮನೆಗಳ ಗುರುತು 1960ರ ದಶಕದಲ್ಲಿ ಸಿಕ್ಕಿತು. ಅಲ್ಲಿ ಅವರು ಕಡಿದ ಮರದ ತುಂಡುಗಳು 1021ನೇ ಇಸವಿಯವು ಅಂತ ಈಚೆಗೆ ಲೆಕ್ಕ ಹಾಕಿದ್ದಾರೆ. ಆದರೆ ಅದು ಈ ದ್ವೀಪದಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ಅಷ್ಟು ದೂರದಿಂದ ದೆವ್ವವನ್ನು ಹೊತ್ತು ತರುವಂಥ ಕಷ್ಟ ಏನಿತ್ತು? ಆ ನೆಲದಲ್ಲಿ ಸತ್ತವರು ಯಾರೂ ಇರಲಿಲ್ವಾ?

ಸಿನಿಮಾ ಪೂರ್ತಿ ಕಳಪೆ ಅನ್ನಲಾರೆ. ಬೇಲಿಯ ಆಚೆಗಿನ ಕತ್ತಲೆಯನ್ನು ಅವರು ಚೆನ್ನಾಗಿ ಬಳಸಿಕೊಂಡಿದ್ದಾರೆ. ದುಡ್ಡಿಲ್ಲದವರಿಗೆ ಕತ್ತಲೆ ಪುಕ್ಕಟೆ ಸಿಗುತ್ತದಲ್ಲ. ದೆವ್ವ ಕಾಣಿಸಿಕೊಳ್ಳುವ ತನಕ ಹೆದರಿಕೆ ಇತ್ತು. ಕಾಣಿಸಿಕೊಂಡ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಅದರ ಹರಕಲು ಬಟ್ಟೆ ಹಾರಾಡುವುದನ್ನು ನೋಡಿ ನಗು ಬಂತು. ರೂಮ್‌ಮೇಟ್ ತಟ್ಟೆ ತೊಳೆಯಲು ಎದ್ದು ಹೋದ. ನಾನು ಕೊನೆತನಕ ನೋಡಿದೆ. ಕಾರಣ ಒಂದೇ, ನಾನಿದ್ದ ಊರು. ರಾಲಿ ಅಂದರೆ ವಾಲ್ಟರ್ ರಾಲಿ. 1584ರಲ್ಲಿ ಎಲಿಜಬೆತ್ ರಾಣಿಯಿಂದ ಕಾಗದ ಬರೆಸಿಕೊಂಡು ಈ ವಸಾಹತಿನ ಕೆಲಸಕ್ಕೆ ಕೈಹಾಕಿದವನು. ಆತ ಈ ನೆಲಕ್ಕೆ ಒಂದು ಸಲವೂ ಕಾಲಿಡಲಿಲ್ಲ. ಎಲ್ಲ ಅಲ್ಲಿಂದಲೇ. ಆಫ್‌ಶೋರ್‌ನಲ್ಲಿ ಕೂತು ಪ್ರಾಜೆಕ್ಟ್ ನಡೆಸಿದ ಮೊದಲ ಮ್ಯಾನೇಜರ್ ಅಂತ ನಾವು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆವು.

ಅಮ್ಮ ಕೇಳಿದ ಪ್ರಶ್ನೆ

ಆ ದ್ವೀಪಕ್ಕೆ ನಾನು ಹೋಗಿದ್ದು ಆರು ವರ್ಷ ಆದ ಮೇಲೆ, 2013ರ ಬೇಸಿಗೆಯಲ್ಲಿ. ಅಮ್ಮ ಊರಿಂದ ಬಂದಿದ್ದಳು. ನಾನು ಬೆಳೆದದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ಆದರೆ ಅಮ್ಮನ ತವರು ಪುತ್ತೂರಿನ ಹತ್ತಿರ. ನಲವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಅವಳ ಮಾತಿನಿಂದ 'ಎಂತ' ಮತ್ತು 'ಮಾರಾಯ' ಹೋಗಿಲ್ಲ. ವಾರದ ದಿನವೆಲ್ಲ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಬೇಸತ್ತಿದ್ದಳು. ಸಮುದ್ರ ತೋರಿಸುತ್ತೇನೆ ಅಂತ ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ರಾಲಿಯಿಂದ ಹೈವೇ 64 ಹಿಡಿದರೆ ನೇರ ಅಲ್ಲಿಗೇ ಹೋಗುತ್ತದೆ. ಮೂರು ಗಂಟೆಗೂ ಮಿಕ್ಕಿದ ದಾರಿ. ಮೊದಲು ಹೊಗೆಸೊಪ್ಪು, ಹತ್ತಿ. ಆಮೇಲೆ ಊರುಗಳು ಚಿಕ್ಕದಾಗುತ್ತಾ ಹೋಗಿ ಕೊನೆಗೆ ಬರೀ ಜೌಗು ನೆಲ, ರಸ್ತೆಯ ಎರಡೂ ಕಡೆ ಕರೀ ನೀರಿನ ಕಾಲುವೆ, ಕರಡಿ ದಾಟುತ್ತವೆ ಎಂಬ ಬೋರ್ಡು.

ದಾರಿ ಸಾಗಲಿ ಅಂತ ಅಮ್ಮನಿಗೆ ಸಿನಿಮಾದ ಕತೆ ಹೇಳಿದೆ. ಅಮ್ಮ ಯಾವ ಕತೆಯನ್ನೂ ಸುಮ್ನೆ ಕೇಳುವವಳಲ್ಲ. ಯಕ್ಷಗಾನ ನೋಡಿ ಬೆಳೆದವಳು, ಪಾತ್ರಕ್ಕೆ ಹಿಂದು ಮುಂದು ಬೇಕು. ದೆವ್ವಗಳು ಬಂದವು ಅಂದಾಗ ಕೇಳಿದಳು:

'ಅದು ಯಾರ ಭೂತ? ಅದಕ್ಕೆ ಹೆಸರು ಎಂತ?'

ಹೆಸರಿಲ್ಲಮ್ಮ, ಹಿಂದೆ ಯಾವಾಗಲೋ ಬಂದು ಸತ್ತ ಬೇರೆ ದೇಶದವರು ಅಂದೆ.

'ಹೆಸರಿಲ್ಲದ ಭೂತ ಎಂತ ಭೂತ ಮಾರಾಯ? ಅದಕ್ಕೆ ಯಾರು ಎಂತ ಅನ್ಯಾಯ ಮಾಡಿದ್ದು?'

ಅನ್ಯಾಯ ಏನೂ ಇಲ್ಲ, ಸುಮ್ನೆ ಕೆಟ್ಟ ದೆವ್ವ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಅವಳ ಊರಿನ ಲೆಕ್ಕದಲ್ಲಿ ಭೂತ ಸುಮ್ನೆ ಆಗುವುದಿಲ್ಲ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿಯ ಎಡಗೈ, ಬಲಗಾಲು ಕಡಿಸಿದ ಅರಸ. ಆ ಶಿಲ್ಪಿ ಕಲ್ಕುಡನಾದ, ತಂಗಿ ಕಲ್ಲುರ್ಟಿಯಾದಳು. ಇಬ್ಬರೂ ಸೇರಿ ಅರಸನಿಗೆ ನಿದ್ದೆ ಇಲ್ಲದ ಹಾಗೆ ಮಾಡಿದರು. ಪ್ರತಿ ಭೂತಕ್ಕೂ ಹೀಗೆ ಒಂದು ಪಾಡ್ದನ. ಯಾರಿಗೆ, ಯಾವ ನೆಲದಲ್ಲಿ, ಯಾರು, ಏನು ಮಾಡಿದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಕೋಲ ಕೊಟ್ಟು, ಅದನ್ನು ಮತ್ತೆ ಹಾಡಿ, ಇಡೀ ಊರು ಕೈಮುಗಿದು ಕೇಳುತ್ತದೆ. ನಾನು ಬೆಂಗಳೂರಿನ ಹುಡುಗ, ಇದನ್ನೆಲ್ಲ ಬೇಸಿಗೆ ರಜೆಯಲ್ಲಿ ಅಜ್ಜಿಮನೆಯಲ್ಲಿ ಅರ್ಧ ನಿದ್ದೆಯಲ್ಲಿ ನೋಡಿದವನು. ಅಮ್ಮನಿಗೆ ಅದು ಕಾನೂನು ಇದ್ದ ಹಾಗೆ.

'ಹಾಗಾದರೆ ಆ ಊರಿನಲ್ಲಿ ಮೊದಲೇ ಇದ್ದವರು ಎಲ್ಲಿ? ಅವರಿಗೆ ಇವರು ಎಂತ ಮಾಡಿದ್ದು?'

ಅದನ್ನು ಹೇಳತೊಡಗಿದರೆ ದಾರಿ ಮುಗಿಯುವಷ್ಟು ಇತ್ತು. ಸಿನಿಮಾ ನೋಡಿದ ಮೇಲೆ ನಾನು ಓದಿಕೊಂಡಿದ್ದೆ. 1587ರವರಿಗಿಂತ ಎರಡು ವರ್ಷ ಮೊದಲು ಬಂದಿದ್ದು ಸೈನಿಕರ ತಂಡ, ಬರೀ ಗಂಡಸರು. ಬಂದ ಕೆಲವೇ ದಿನದಲ್ಲಿ ಒಂದು ಬೆಳ್ಳಿ ಲೋಟ ಕಾಣೆಯಾಯಿತು. ಅದಕ್ಕೆ ರಿಚರ್ಡ್ ಗ್ರೆನ್‌ವಿಲ್ ಎಂಬವನು ಅಕ್ವಾಸ್ಕೊಗಾಕ್ ಎಂಬ ಹಳ್ಳಿಯನ್ನೇ ಸುಟ್ಟ, ಬೆಳೆದು ನಿಂತ ಜೋಳವನ್ನೂ ಬಿಡಲಿಲ್ಲ. ಆಮೇಲೆ ತಂಡದ ಯಜಮಾನಿಕೆ ರಾಲ್ಫ್ ಲೇನ್‌ನದು. ಇವರಿಗೆ ಬಿತ್ತಿ ಬೆಳೆಯುವ ಅಭ್ಯಾಸವಿಲ್ಲ. ಊಟಕ್ಕೆ ಅಕ್ಕಪಕ್ಕದ ಊರಿನವರೇ ಗತಿ. ಮೊದಮೊದಲು ಅವರು ಕೊಟ್ಟರು. ಎಷ್ಟು ದಿನ ಅಂತ ಕೊಡುತ್ತಾರೆ? ಅಲ್ಲಿನ ಒಡೆಯನ ಹೆಸರು ವಿಂಗಿನಾ. ಕೊನೆಗೆ ಅವನು ದ್ವೀಪ ಬಿಟ್ಟು ಎದುರಿನ ನೆಲಕ್ಕೆ ಹೋದ, ಹೆಸರನ್ನೂ ಪೆಮಿಸಪನ್ ಅಂತ ಬದಲಿಸಿಕೊಂಡ. ನಮ್ಮ ಮೇಲೆ ಸಂಚು ಮಾಡುತ್ತಿದ್ದಾನೆ ಅಂತ ಲೇನ್ ಲೆಕ್ಕ ಹಾಕಿದ. 1586ರ ಜೂನ್ 1ರಂದು ಮಾತಾಡುವ ನೆಪದಲ್ಲಿ ಹೋಗಿ ಗುಂಡು ಹಾರಿಸಿದರು. ಬಿದ್ದವನು ಎದ್ದು ಕಾಡಿಗೆ ಓಡಿದ. ಬೆನ್ನಟ್ಟಿ ಹೋದ ಒಬ್ಬ ಸೈನಿಕ ವಾಪಸ್ ಬರುವಾಗ ಅವನ ಕೈಯಲ್ಲಿ ವಿಂಗಿನಾನ ತಲೆ ಇತ್ತು. ಇದನ್ನು ಬರೆದಿಟ್ಟವನು ಲೇನ್ ತಾನೇ. ಅದೇ ತಿಂಗಳು ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕನ ಹಡಗು ಹತ್ತಿ ಎಲ್ಲರೂ ಇಂಗ್ಲೆಂಡಿಗೆ ಹೋದರು. ಆಮೇಲೆ ಬಂದ ಗ್ರೆನ್‌ವಿಲ್ ಕಾವಲಿಗೆ 15 ಜನರನ್ನು ಬಿಟ್ಟು ಹೋದ.

ಮರುವರ್ಷ ಹೆಂಡತಿ ಮಕ್ಕಳ ಜೊತೆ ಬಂದ ಸಂಸಾರಸ್ಥರು ಇಳಿದದ್ದು ಇಂಥ ನೆಲಕ್ಕೆ. ಅವರು ಹೋಗಬೇಕಿದ್ದದ್ದು ಚೆಸಪೀಕ್ ಕೊಲ್ಲಿಗೆ. ಹಡಗಿನವನು ಇಲ್ಲೇ ಇಳಿಯಿರಿ ಅಂದ. ಆ 15 ಜನರಲ್ಲಿ ಸಿಕ್ಕಿದ್ದು ಒಬ್ಬನ ಮೂಳೆ ಮಾತ್ರ. ಬಂದ ಆರನೇ ದಿನ ಜಾರ್ಜ್ ಹೋ ಎಂಬವನು ಒಬ್ಬನೇ, ಬಟ್ಟೆ ಕಳಚಿ, ಕವೆಗೋಲು ಹಿಡಿದು ನೀರಿನಲ್ಲಿ ಏಡಿ ಹಿಡಿಯುತ್ತಿದ್ದ. ಮೈಗೆ 16 ಬಾಣ ಬಿತ್ತು. ಹೊಡೆದವರು ಸತ್ತ ವಿಂಗಿನಾನ ಕಡೆಯವರು.

ಅಮ್ಮ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡುತ್ತಿದ್ದಳು. ಕಾರು ಉದ್ದದ ಸೇತುವೆ ಹತ್ತಿತ್ತು. ಅದರ ಹೆಸರೇ ವರ್ಜೀನಿಯಾ ಡೇರ್ ಸೇತುವೆ, ಆ ದ್ವೀಪದಲ್ಲಿ ಹುಟ್ಟಿದ ಇಂಗ್ಲಿಷ್ ಮಗುವಿನ ಹೆಸರು.

'ಭೂತ ಆಗಬೇಕಾದ್ದು ತಲೆ ಕಡಿಸಿಕೊಂಡವನು, ಅಲ್ವಾ? ಅವನಿರುವಾಗ ಬೇರೆ ಊರಿನ ಭೂತ ಯಾಕೆ ತಂದದ್ದು?'

ಆರು ವರ್ಷದಿಂದ ನನಗೆ ಚುಚ್ಚುತ್ತಿದ್ದದ್ದು ಇದೇ. ಹೀಗೆ ಕೇಳಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ವಿಂಗಿನಾನ ದೆವ್ವ ಬಂದರೆ ಪಾಡ್ದನ ಹೇಳಬೇಕಾಗುತ್ತದೆ. ಲೋಟ, ಸುಟ್ಟ ಜೋಳ, ಕಡಿದ ತಲೆ ಎಲ್ಲ ಬರುತ್ತದೆ. ಆಗ ಬೇಲಿಯೊಳಗಿನ ಏಡ್ರಿಯನ್ ಪಾಲ್ ಪಾಪದವನಾಗಿ ಉಳಿಯುವುದಿಲ್ಲ. ವೈಕಿಂಗ್ ದೆವ್ವಕ್ಕೆ ಯಾರ ಮೇಲೂ ದೂರಿಲ್ಲ. ಬಾಡಿಗೆಗೆ ಬಂದು, ಹೆದರಿಸಿ, ಹೋಗುತ್ತದೆ. ಸಿನಿಮಾದಲ್ಲಿ ಆ ನೆಲದ ಮ್ಯಾಂಟಿಯೋ ಎಂಬವನು ಇದ್ದಾನೆ, ಬಿಳಿಯರ ಗೆಳೆಯನಾಗಿ. ಆ ನೆಲದವರಿಗೆ ಗೆಳೆಯರ ಪಾತ್ರ ಸಿಕ್ಕಿತು, ದೆವ್ವದ ಪಾತ್ರ ಸಿಗಲಿಲ್ಲ. ದೆವ್ವದ ಸಿನಿಮಾದಲ್ಲಿ ದೊಡ್ಡ ಪಾತ್ರ ಯಾವುದು ಅಂತ ಎಲ್ಲರಿಗೂ ಗೊತ್ತು.

ಗಾಳಿ ಸೋಕು

ನಿಜವಾಗಿ ನನ್ನ ಮೈ ಜುಮ್ ಅನ್ನಿಸಿದ್ದು ಸಿನಿಮಾ ಅಲ್ಲ, 1588ರಲ್ಲಿ ಅಚ್ಚಾದ ಒಂದು ವರದಿ. ಬರೆದವನು ಥಾಮಸ್ ಹ್ಯಾರಿಯಟ್. ಲೇನ್‌ನ ತಂಡದ ಜೊತೆ ಬಂದಿದ್ದ, ಇಪ್ಪತ್ತೈದರ ಹುಡುಗ, ಗಣಿತದವನು. 1584ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋಗಿದ್ದ ಮ್ಯಾಂಟಿಯೋ ಮತ್ತು ವಾಂಚೀಸ್ ಎಂಬ ಇಬ್ಬರ ಹತ್ತಿರ ಅವರ ಭಾಷೆ ಕಲಿತಿದ್ದ. ತಂಡದಲ್ಲಿ ಅಲ್ಲಿನವರ ಮಾತು ಅವರ ಬಾಯಲ್ಲೇ ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಇಂಗ್ಲಿಷಿನವನು ಅಂದರೆ ಇವನೇ.

ಅವನು ಬರೆಯುತ್ತಾನೆ: ನಾವು ಒಂದು ಊರಿಗೆ ಹೋಗಿ ಬಂದ ಕೆಲವೇ ದಿನದಲ್ಲಿ ಆ ಊರಿನ ಜನ ಸಾಯತೊಡಗುತ್ತಿದ್ದರು. ಕೆಲವು ಊರಲ್ಲಿ 20 ಜನ, ಕೆಲವು ಕಡೆ 40, ಕೆಲವು ಕಡೆ 60, ಒಂದು ಊರಲ್ಲಂತೂ 120. ಇಂಥ ಕಾಯಿಲೆ ಅಲ್ಲಿನ ಮುದುಕರೂ ಕಂಡಿರಲಿಲ್ಲ. ಮದ್ದು ಗೊತ್ತಿರಲಿಲ್ಲ. ಇಂಗ್ಲಿಷರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಇವರು ಮೈಯಲ್ಲಿ ಹೊತ್ತು ತಂದ ಯಾವುದೋ ಜ್ವರ ಅಂತ ನಮಗೆ ಇವತ್ತು ಹೊಳೆಯುತ್ತದೆ. ಆಗ ಎರಡೂ ಕಡೆಯವರಿಗೂ ಗೊತ್ತಿರಲಿಲ್ಲ. ಇದು ದೇವರ ಕೆಲಸ ಅಂದುಕೊಂಡರು ಇಂಗ್ಲಿಷರು. ಆ ನೆಲದವರು ಏನಂದುಕೊಂಡರು ಎಂಬುದನ್ನೂ ಹ್ಯಾರಿಯಟ್ ಬರೆದಿದ್ದಾನೆ. ಈ ಗಂಡಸರ ಜೊತೆ ಹೆಂಗಸರಿಲ್ಲ, ಆದ್ದರಿಂದ ಇವರು ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಎಷ್ಟೋ ಕಾಲದ ಹಿಂದೆ ಇದ್ದು ಸತ್ತವರು, ಸಾವಿಲ್ಲದವರಾಗಿ ಎದ್ದು ಬಂದಿದ್ದಾರೆ. ಇವರ ಹಿಂದೆ ಇನ್ನೂ ಜನ ಬರಲಿದ್ದಾರೆ, ನಮ್ಮನ್ನು ಕೊಂದು ನಮ್ಮ ಜಾಗ ಹಿಡಿಯಲು. ಮುಂದೆ ಬರಲಿರುವ ಅವರು ಈಗಲೇ ಗಾಳಿಯಲ್ಲಿ ಇದ್ದಾರೆ. ಕಣ್ಣಿಗೆ ಕಾಣುವುದಿಲ್ಲ, ಮೈ ಇಲ್ಲ. ಗಾಳಿಯಲ್ಲಿ ನಿಂತು ಕಾಣದ ಗುಂಡು ಹೊಡೆದು ನಮ್ಮನ್ನು ಸಾಯಿಸುತ್ತಿದ್ದಾರೆ.

ನಾನು ಇದನ್ನು ಓದಿದ್ದು ಆಫೀಸಿನಲ್ಲಿ, ಊಟದ ಹೊತ್ತಿನಲ್ಲಿ. ಓದಿದ ಕೂಡಲೇ ಕಿವಿಯಲ್ಲಿ ಕೇಳಿದ್ದು ಪುತ್ತೂರಿನ ಅಜ್ಜಿಯ ದನಿ. ಮಗುವಿಗೆ ಇದ್ದಕ್ಕಿದ್ದ ಹಾಗೆ ಜ್ವರ ಬಂದು, ಕಣ್ಣು ಮೇಲಾಗಿ, ಡಾಕ್ಟರಿಗೂ ಗೊತ್ತಾಗದಿದ್ದರೆ ಅಜ್ಜಿ ಅನ್ನುತ್ತಿದ್ದದ್ದು 'ಗಾಳಿ ಸೋಕಿದೆ' ಅಂತ. ಅದಕ್ಕಿಂತ ಜಾಸ್ತಿ ವಿವರಿಸುತ್ತಿರಲಿಲ್ಲ. ಗಾಳಿಯಲ್ಲಿ ಯಾರೋ ಇದ್ದಾರೆ, ಅವರಿಗೆ ಮೈ ಇಲ್ಲ, ಹಾದು ಹೋಗುವಾಗ ತಾಕಿದ್ದಾರೆ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ಎರಡು ಬೇರೆ ಬೇರೆ ಲೋಕ, ನಡುವೆ ನಾನೂರು ವರ್ಷ. ಆದರೂ ಆ ಜನ ಹೇಳಿದ್ದು ನನಗೆ ಯಾವ ಟಿಪ್ಪಣಿಯೂ ಇಲ್ಲದೆ ತಿಳಿಯಿತು.

ಅಂದರೆ ರೋಅನೋಕಿನಲ್ಲಿ ದೆವ್ವ ಇದ್ದದ್ದು ಹೌದು. ದಾಖಲೆಯೇ ಇದೆ. ಸತ್ತು ಎದ್ದು ಬಂದವರು, ಹೆಣ್ಣಿಲ್ಲದವರು, ಹೋದ ಊರಲ್ಲೆಲ್ಲ ಹೆಣ ಬೀಳಿಸುವವರು, ಗಾಳಿಯಲ್ಲಿ ಸಾಲುಗಟ್ಟಿ ಕಾಯುತ್ತಿರುವವರು. ಸಿನಿಮಾದವರು ಕ್ಯಾಮೆರಾವನ್ನು ಬೇಲಿಯ ಈ ಕಡೆ ಇಟ್ಟರು, ಆ ಕಡೆ ಇಟ್ಟಿದ್ದರೆ ಕಂಪ್ಯೂಟರಿನ ಖರ್ಚೂ ಉಳಿಯುತ್ತಿತ್ತು. ಕಾಡಂಚಿನ ಒಂದು ಮನೆ. ಬೆಳಿಗ್ಗೆ ಗಡ್ಡದ ಕೆಲವರು ಬಂದು ಕೂತು, ಜೋಳ ತಿಂದು, ಏನನ್ನೋ ಬರೆದುಕೊಂಡು ಹೋಗುತ್ತಾರೆ. ಮೂರನೇ ದಿನ ಮನೆಯ ಮಗುವಿಗೆ ಮೈ ಸುಡುತ್ತದೆ. ಹೆದರಿಕೆಗೆ ಇನ್ನೇನು ಬೇಕು?

ಹಾಗಂತ 1587ರವರು ರಾಕ್ಷಸರು ಅಂತಲೂ ನನಗನ್ನಿಸುವುದಿಲ್ಲ. ಲೇನ್ ಮಾಡಿದ ಸಾಲ ಇವರ ತಲೆಗೆ ಬಂತು. ಬಸುರಿ ಹೆಂಗಸರಿದ್ದರು. ಆಗಸ್ಟ್ 18ಕ್ಕೆ ಎಲೆನಾರ್ ಡೇರ್‌ಗೆ ಹೆಣ್ಣು ಮಗು ಹುಟ್ಟಿತು, ಅದೇ ವರ್ಜೀನಿಯಾ. ಜಾನ್ ವೈಟ್ ಆ ಮಗುವಿನ ಅಜ್ಜ. ಮೊಮ್ಮಗಳಿಗೆ ಒಂಬತ್ತು ದಿನ ಆದಾಗ ಅವಳನ್ನು ಬಿಟ್ಟು ಹಡಗು ಹತ್ತಿದ. ಅವರು ಬಂದ ಕಾಲವೂ ಕೆಟ್ಟದ್ದು. ಜೌಗಿನಲ್ಲಿ ಬೆಳೆಯುವ ಸೈಪ್ರೆಸ್ ಮರಗಳ ಸುತ್ತು ಎಣಿಸಿದವರು 1998ರಲ್ಲಿ ಹೇಳಿದರು: 1587ರಿಂದ 89ರ ತನಕ ಅಲ್ಲಿ ಬಿದ್ದಂಥ ಬರ ಎಂಟುನೂರು ವರ್ಷದಲ್ಲೇ ಇನ್ನೊಂದಿಲ್ಲ. ಬಂದವರಿಗೂ ಹಸಿವು, ಇದ್ದವರಿಗೂ ಹಸಿವು. ಆದರೆ ಬರವನ್ನು ಶನಿವಾರ ರಾತ್ರಿ ಟೀವಿಯಲ್ಲಿ ತೋರಿಸಿ ಜಾಹೀರಾತು ಮಾರುವುದು ಕಷ್ಟ.

ಕೆಂಪು ಬಣ್ಣ, ತೇಲುವ ಹಡಗು

ದ್ವೀಪದಲ್ಲಿ ನೋಡಲು ಹೆಚ್ಚೇನೂ ಇಲ್ಲ. ಪೈನ್ ಮರಗಳ ನಡುವೆ ಒಂದು ಚಿಕ್ಕ ಮಣ್ಣಿನ ದಿಬ್ಬ, ಅದೂ 1950ರಲ್ಲಿ ಮತ್ತೆ ಕಟ್ಟಿದ್ದು. ನಮ್ಮ ಹಳ್ಳಿಗಳ ಕೆರೆ ಏರಿ ಇದಕ್ಕಿಂತ ಎತ್ತರ. ಅಮ್ಮ 'ಇಷ್ಟೇಯಾ?' ಅಂದಳು. ಪಕ್ಕದ ಪೇಟೆಯ ಹೆಸರು ಮ್ಯಾಂಟಿಯೋ, ದ್ವೀಪದ ಇನ್ನೊಂದು ತುದಿಯ ಮೀನುಗಾರರ ಊರು ವಾಂಚೀಸ್. ಲಂಡನ್ನಿಗೆ ಹೋಗಿ ಬಂದ ಇಬ್ಬರಲ್ಲಿ ಮ್ಯಾಂಟಿಯೋ ಇಂಗ್ಲಿಷರ ಪಕ್ಷ ಸೇರಿ ಕ್ರೈಸ್ತನಾದ. ವಾಂಚೀಸ್ ಲಂಡನ್ನನ್ನು ಕಣ್ಣಾರೆ ನೋಡಿಯೂ, ಅಥವಾ ನೋಡಿದ್ದಕ್ಕೇ ಇರಬೇಕು, ಬಂದ ಕೂಡಲೇ ಅವರಿಂದ ದೂರವಾದ. ಎರಡು ಊರುಗಳೂ ಈಗ ಒಂದೇ ರಸ್ತೆಯ ಮೇಲಿವೆ. ವಿಂಗಿನಾನ ಹೆಸರು ದೊಡ್ಡ ಅಕ್ಷರದಲ್ಲಿ ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ರಾತ್ರಿ ಬಯಲು ನಾಟಕ ಇತ್ತು. 1937ರಿಂದ ಬೇಸಿಗೆ ಬೇಸಿಗೆ ಆಡುತ್ತಾ ಬಂದಿರುವ ನಾಟಕ, ಮೊದಲ ವರ್ಷ ರೂಸ್‌ವೆಲ್ಟ್ ಅಧ್ಯಕ್ಷರೇ ಬಂದು ನೋಡಿದ್ದರು. ನೀರಿನ ಅಂಚಿಗೆ ರಂಗ. ಸೊಳ್ಳೆ ಅಂದರೆ ಸೊಳ್ಳೆ. ಅಮ್ಮನಿಗೆ ಬಯಲಾಟದ ಖುಷಿ, ಸೀರೆ ಸೆರಗು ಹೊದ್ದು ಕೂತಳು. ಭಾಷೆ ತಿಳಿಯದಿದ್ದರೂ ವೇಷ, ಕುಣಿತ, ಬೆಂಕಿ ನೋಡಿ ತಲೆಯಾಡಿಸುತ್ತಿದ್ದಳು. ಮಧ್ಯದಲ್ಲಿ ನನ್ನ ಕಿವಿಗೆ ಬಾಗಿ, 'ಆ ಕಾಡಿನವರ ವೇಷ ಹಾಕಿದ್ದೂ ಬಿಳಿಯರೇ ಅಲ್ವಾ? ಬೆವರಿಗೆ ಬಣ್ಣ ಇಳಿಯುತ್ತಾ ಉಂಟು' ಅಂದಳು. ಹೌದು, ಮೈಗೆ ಕಂದುಗೆಂಪು ಬಣ್ಣ ಬಳಿದುಕೊಂಡಿದ್ದರು. ಆ ನೆಲದವರ ಪಾತ್ರಗಳನ್ನು ಮೂಲನಿವಾಸಿ ನಟರಿಗೇ ಕೊಡತೊಡಗಿದ್ದು 2021ರಲ್ಲಿ.

ಮಾರನೇ ದಿನ ದಕ್ಷಿಣಕ್ಕೆ ಹ್ಯಾಟರಸ್ ದ್ವೀಪಕ್ಕೆ ಹೋದೆವು. ಎರಡೂ ಕಡೆ ನೀರು, ನಡುವೆ ಮರಳಿನ ಗೆರೆಯಂಥ ನೆಲ. ಇದೇ ಹಳೇ ಕ್ರೋಟೋವನ್, ಮ್ಯಾಂಟಿಯೋನ ತಾಯಿಯ ಊರು. ಕಾಲೊನಿಯವರು ಇಲ್ಲಿಗೇ ಬಂದು ಇಲ್ಲಿನವರಲ್ಲೇ ಬೆರೆತರು ಎಂಬುದು ತುಂಬಾ ಜನರ ನಂಬಿಕೆ, ನನ್ನದೂ. ಜಾನ್ ಲಾಸನ್ ಎಂಬವನು 1709ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮ ಹಿರಿಯರಲ್ಲಿ ಕೆಲವರು ಬಿಳಿಯರಾಗಿದ್ದರು, ನಿಮ್ಮ ಹಾಗೆ ಪುಸ್ತಕದಲ್ಲಿ ಮಾತಾಡಬಲ್ಲವರಾಗಿದ್ದರು ಅಂತ ಹ್ಯಾಟರಸ್ ಜನ ಹೇಳಿದರಂತೆ. ಅವರಲ್ಲಿ ಬೂದುಗಣ್ಣಿನವರು ಆಗಾಗ ಕಾಣಸಿಗುತ್ತಾರೆ ಅನ್ನುತ್ತಾನೆ. ಪುಸ್ತಕದಲ್ಲಿ ಮಾತಾಡುವುದು! ಓದುವುದಕ್ಕೆ ಇದಕ್ಕಿಂತ ಒಳ್ಳೆ ಮಾತು ನಾನು ಕೇಳಿಲ್ಲ.

ಅದೇ ಜಾಗದಲ್ಲಿ ಲಾಸನ್ ಇನ್ನೊಂದು ಕತೆಯನ್ನೂ ಸೇರಿಸಿದ್ದಾನೆ. ಮೊದಲ ವಸಾಹತಿನವರನ್ನು ಕರೆತಂದ ಹಡಗು ಈಗಲೂ ಆಗಾಗ ಕಾಣಿಸುತ್ತದೆ ಅಂತ ಅಲ್ಲಿನ ಜನ ಹೇಳುತ್ತಾರಂತೆ, ಹಾಯಿ ಬಿಚ್ಚಿಕೊಂಡು, ಗತ್ತಿನಲ್ಲಿ. ಅದಕ್ಕೆ ಅವರಿಟ್ಟ ಹೆಸರು ವಾಲ್ಟರ್ ರಾಲಿಯ ಹಡಗು. ಆ ಕಡಲಂಚಿನ ಜನ ತಮ್ಮೊಳಗೇ ಹೇಳಿಕೊಂಡು ಬಂದ ದೆವ್ವದ ಕತೆ ಇದೊಂದೇ ನನಗೆ ಸಿಕ್ಕಿದ್ದು. ಬಂದವರು ಕರಗಿ ಹೋದರು, ಹಡಗು ಮಾತ್ರ ಬರುತ್ತಲೇ ಇದೆ. ದೀಪಸ್ತಂಭದ ಕೆಳಗೆ ಮರಳಲ್ಲಿ ಕೂತು ಬುತ್ತಿ ಬಿಚ್ಚುವಾಗ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಕೈ ಅಡ್ಡ ಹಿಡಿದು ಸಮುದ್ರದ ಕಡೆ ನೋಡಿದಳು. ದೂರದಲ್ಲಿ ಒಂದು ಸರಕು ಹಡಗು, ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿಕೊಂಡು, ನಿಂತ ಹಾಗೇ ಹೋಗುತ್ತಿತ್ತು. 'ಅದರಲ್ಲಿ ನೀನೂ ಬಂದದ್ದಾ ಹಾಗಾದರೆ?' ಅಂತ ನಕ್ಕಳು. ಚಿತ್ರಾನ್ನಕ್ಕೆ ಉಪ್ಪು ಕಡಿಮೆ ಆಗಿತ್ತು.

ನಾಲೆ ಬಾ

ನಾನು ಚಿಕ್ಕವನಿದ್ದಾಗ, ತೊಂಬತ್ತರ ದಶಕದ ಶುರುವಿನಲ್ಲಿ, ಬೆಂಗಳೂರಿಗೆ ಒಂದು ದೆವ್ವ ಬಂದಿತ್ತು. ನಿಮಗೂ ನೆನಪಿರಬಹುದು. ರಾತ್ರಿ ಬಾಗಿಲು ಬಡಿಯುತ್ತದೆ. ಮನೆಯವರದೇ ದನಿಯಲ್ಲಿ, ಅಮ್ಮನ ಹಾಗೆ, ಅಣ್ಣನ ಹಾಗೆ ಕರೆಯುತ್ತದೆ. ಓ ಅಂದರೆ ಮುಗಿಯಿತು. ಅದಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯಬೇಕು. ದೆವ್ವ ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ನಮ್ಮ ಬೀದಿಯ ಎಲ್ಲ ಬಾಗಿಲಿಗೂ ಬಂತು. ನಮ್ಮ ಮನೆಯದನ್ನು ಸೀಮೆಸುಣ್ಣದಲ್ಲಿ ನಾನೇ ಬರೆದೆ. ಅವಸರದಲ್ಲಿ 'ನಾಲೆ ಬಾ' ಅಂತ ಬರೆದಿದ್ದೆ. ಅಪ್ಪ ಆಫೀಸಿನಿಂದ ಬಂದವರು ಓದಿ, 'ಏನೋ ಇದು, ದೆವ್ವವನ್ನು ವಿಶ್ವೇಶ್ವರಯ್ಯ ನಾಲೆಗೆ ಕಳಿಸ್ತಿದ್ದೀಯಾ?' ಅಂತ ಹೊಟ್ಟೆ ಹಿಡಿದು ನಕ್ಕರು. ಅಮ್ಮ ಮಾತ್ರ ನಗಲಿಲ್ಲ. 'ಇದು ಯಾರ ಭೂತವೋ, ಹೆಸರೂ ಇಲ್ಲ' ಅಂತ ಆಗಲೂ ಅಂದಿದ್ದಳು. ಒಂದು ವಾರ ರಾತ್ರಿ ಯಾರು ಕರೆದರೂ ನಾನು ಓ ಅನ್ನಲಿಲ್ಲ, ಅಪ್ಪ ಕರೆದರೂ.

ಜಾನ್ ವೈಟ್ ವಾಪಸ್ ಬಂದ ರಾತ್ರಿಯನ್ನು ಓದುವಾಗಲೆಲ್ಲ ನನಗೆ ಆ ಬಾಗಿಲು ನೆನಪಾಗುತ್ತದೆ. ಸ್ಪೇನಿನ ಜೊತೆ ಯುದ್ಧ ನಡೆದಿತ್ತು, ಹಡಗು ಸಿಗಲಿಲ್ಲ, ಹಾಗೂ ಹೀಗೂ ಮೂರು ವರ್ಷ ಹೋಯಿತು. 1590ರ ಆಗಸ್ಟಿನಲ್ಲಿ ಬಂದ. ದಡಕ್ಕೆ ಬರುವಾಗಲೇ ಒಂದು ದೋಣಿ ಮಗುಚಿ ಏಳು ಜನ ಮುಳುಗಿದರು. ಉಳಿದವರು ದ್ವೀಪದ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿತ್ತು. ಕಾಡಿನ ನಡುವೆ ದೊಡ್ಡ ಬೆಂಕಿ ಕಾಣಿಸಿತು. ದೋಣಿ ನಿಲ್ಲಿಸಿ ಕಹಳೆ ಊದಿದರು. ಆಮೇಲೆ ಇಂಗ್ಲಿಷ್ ಹಾಡುಗಳನ್ನು ಹಾಡಿದರು, ದಡದಲ್ಲಿ ಯಾರಿದ್ದರೂ ಗುರುತು ಹಿಡಿಯಲಿ ಅಂತ, ಎಲ್ಲರಿಗೂ ಗೊತ್ತಿರುವ ಹಾಡುಗಳನ್ನೇ. ಒಂದಾದ ಮೇಲೊಂದು. ಪ್ರೀತಿಯಿಂದ ಕೂಗಿ ಕರೆದರು. ಯಾರೂ ಓ ಅನ್ನಲಿಲ್ಲ.

ಸಿನಿಮಾದವರಿಗೆ ಇದೊಂದು ದೃಶ್ಯ ಸಾಕಿತ್ತು. ಕತ್ತಲು, ನೀರು, ತಮ್ಮದೇ ಜನರ ದನಿಯಲ್ಲಿ ದೂರದಿಂದ ಹಾಡು. ದಡದ ಮರಗಳ ನಡುವೆ ಯಾರಾದರೂ ಕೂತು ಕೇಳಿದ್ದರೆ, ಏನಂದುಕೊಂಡಿರುತ್ತಾರೆ?

ಬೆಳಿಗ್ಗೆ ಇಳಿದು ನೋಡಿದರೆ ಬೆಂಕಿ ಬರೀ ಒಣಹುಲ್ಲು, ಕೊಳೆತ ಮರಗಳದ್ದು. ಅದು ಆಗಸ್ಟ್ 18, ಮೊಮ್ಮಗಳಿಗೆ ಮೂರು ತುಂಬುವ ದಿನ. ಒಂದು ಮರದ ಮೇಲೆ ಸಿ, ಆರ್, ಒ ಎಂಬ ಮೂರು ಅಕ್ಷರ. ಮುಂದೆ ಹೋದರೆ ಮನೆಗಳಿಲ್ಲ, ಬಿಚ್ಚಿ ತೆಗೆದುಕೊಂಡು ಹೋಗಿದ್ದಾರೆ. ಅವನು ಹೂತಿಟ್ಟು ಹೋಗಿದ್ದ ಪೆಟ್ಟಿಗೆಗಳನ್ನು ಯಾರೋ ಅಗೆದಿದ್ದಾರೆ. ಪುಸ್ತಕಗಳ ರಟ್ಟು ಕಿತ್ತಿದೆ, ಚಿತ್ರಗಳೂ ನಕ್ಷೆಗಳೂ ಮಳೆಯಲ್ಲಿ ಕೊಳೆತಿವೆ, ಕಬ್ಬಿಣದ ಅಂಗಿ ತುಕ್ಕು ತಿಂದಿದೆ. ಹೊರಡುವಾಗ ಮಾತಾಗಿತ್ತು: ಜಾಗ ಬಿಟ್ಟರೆ ಹೋಗುವ ಊರಿನ ಹೆಸರು ಕೆತ್ತಿಡಿ, ಅಪಾಯದಲ್ಲಿ ಹೋದರೆ ಮೇಲೊಂದು ಶಿಲುಬೆ ಗುರುತು ಹಾಕಿ. ಶಿಲುಬೆ ಇರಲಿಲ್ಲ. ಆ ಮೂರು ಅಕ್ಷರದಿಂದ ಶುರುವಾಗುವ ಹೆಸರಿನ ದ್ವೀಪ ಹಡಗಿನಲ್ಲಿ ಒಂದು ದಿನದ ದಾರಿಯೂ ಅಲ್ಲ. ಹೊರಟರೆ ಬಿರುಗಾಳಿ ಎದ್ದಿತು, ಲಂಗರುಗಳು ಹರಿದು ಹೋದವು, ಹಡಗು ಪೂರ್ವಕ್ಕೆ ಮುಖ ಮಾಡಿತು. ವೈಟ್ ಮತ್ತೆ ಬರಲೇ ಇಲ್ಲ.

ಬೇಲಿಯ ಬಾಗಿಲ ಹತ್ತಿರದ ಕಂಬ ಒಂದಿತ್ತು. ತೊಗಟೆ ಸುಲಿದು ನುಣ್ಣಗೆ ಮಾಡಿದ್ದರು. ನೆಲದಿಂದ ಐದಡಿ ಮೇಲೆ, ಓದುವವನ ಕಣ್ಣಿಗೆ ಸರಿಯಾಗಿ, ದಪ್ಪ ಅಕ್ಷರದಲ್ಲಿ ನಿಧಾನವಾಗಿ ಕೆತ್ತಿದ್ದರು: ಕ್ರೋಟೋವನ್. ಒಂದಕ್ಷರವೂ ತಪ್ಪಿರಲಿಲ್ಲ.